ಇಸವಿ ಇಲ್ಲದ ಟಿಪ್ಪಣಿ



ಇಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬರುವ ಸಂಶೋಧಕರು ಕೌಂಟರಿನಲ್ಲಿ ಕೇಳುವ ಪ್ರಶ್ನೆ ಗ್ರಂಥಪಾಲಕರಾದ ನಿಮಗೆಲ್ಲ ಗೊತ್ತು: ‘ಸರ್, ಈ ಜರ್ನಲ್ ಸ್ಕೋಪಸ್‌ನಲ್ಲಿ ಇದೆಯಾ? ಕೇರ್ ಲಿಸ್ಟ್‌ನಲ್ಲಿ ಇತ್ತಾ?’ ಉತ್ತರಕ್ಕಾಗಿ ನಾವು ಗೂಗಲ್ ತೆರೆಯುತ್ತೇವೆ. ನಮ್ಮದೇ ಕ್ಯಾಟಲಾಗ್ ನೋಡುವುದಿಲ್ಲ. ಅಲ್ಲಿ ಉತ್ತರ ಇರುವುದಿಲ್ಲ, ಇದ್ದರೂ ಅದನ್ನು ನಂಬುವ ಧೈರ್ಯ ನಮಗಿಲ್ಲ.

ಹಾಗೆಂದು ಉತ್ತರ ಬರೆಯಲು ಜಾಗವಿಲ್ಲ ಎನ್ನುವಂತಿಲ್ಲ. ನಮ್ಮ ಕ್ಯಾಟಲಾಗ್ ರೆಕಾರ್ಡಿನ ಮಾನಕವಾದ ಮಾರ್ಕ್ 21ರ 510ನೇ ಫೀಲ್ಡ್ ಇರುವುದೇ ಇದಕ್ಕೆ. ನಿಯತಕಾಲಿಕದ ಲೇಖನಗಳನ್ನು ಯಾವ ಇಂಡೆಕ್ಸ್ ಸೇವೆ ಪಟ್ಟಿ ಮಾಡುತ್ತದೆ ಎಂಬುದನ್ನು ಅಲ್ಲಿ ದಾಖಲಿಸಬೇಕು. ಮೊದಲ ಇಂಡಿಕೇಟರ್ 1 ಎಂದಿದ್ದರೆ ಪತ್ರಿಕೆಯ ಎಲ್ಲ ಲೇಖನಗಳೂ ಸೇರಿವೆ ಎಂದರ್ಥ, 2 ಎಂದಿದ್ದರೆ ಆಯ್ದವು ಮಾತ್ರ. 0 ಹಾಕಿದರೆ ನಮಗೆ ತಿಳಿಯದು ಎಂದು ಒಪ್ಪಿಕೊಂಡಂತೆ. ‘ಎ’ ಉಪಫೀಲ್ಡಿನಲ್ಲಿ ಸೇವೆಯ ಹೆಸರು, ‘ಬಿ’ಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂಬ ವಿವರ, ‘ಎಕ್ಸ್’ನಲ್ಲಿ ಆ ಸೇವೆಯ ಐಎಸ್‌ಎಸ್‌ಎನ್. ನಾನು ಕಂಡ ರೆಕಾರ್ಡುಗಳಲ್ಲಿ ಹೆಸರಿರುತ್ತದೆ, ‘ಬಿ’ ಖಾಲಿ ಇರುತ್ತದೆ. ಇಡೀ ಟಿಪ್ಪಣಿಯ ಜೀವ ಇರುವುದು ಆ ‘ಬಿ’ಯಲ್ಲೇ.

ಕೇರ್ ಪಟ್ಟಿಯನ್ನೇ ನೋಡಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತಾನು ಒಪ್ಪಿದ ಪತ್ರಿಕೆಗಳ ಈ ಪಟ್ಟಿಯನ್ನು 2019ರಲ್ಲಿ ಪ್ರಕಟಿಸಿತು, ಪತ್ರಿಕೆಗಳು ಅದರಲ್ಲಿ ಸೇರುತ್ತಿದ್ದವು, ಹೊರಬೀಳುತ್ತಿದ್ದವು. 2025ರಲ್ಲಿ ಪಟ್ಟಿಯನ್ನೇ ಕೈಬಿಡಲಾಯಿತು. ಆದರೆ 2021ರಲ್ಲಿ ಲೇಖನ ಬರೆದ ಅಧ್ಯಾಪಕಿಯ ಬಡ್ತಿಯ ಕಡತ ಇವತ್ತು ಸಮಿತಿಯ ಮುಂದೆ ಬಂದರೆ, ಆ ವರ್ಷ ಆ ಪತ್ರಿಕೆ ಪಟ್ಟಿಯಲ್ಲಿತ್ತೇ ಎಂದು ಯಾರು ಹೇಳಬೇಕು? ಪತ್ರಿಕೆಯ ಜಾಲತಾಣ ತನ್ನ ಬಗ್ಗೆ ಏನು ಬೇಕಾದರೂ ಹೇಳಿಕೊಳ್ಳಬಹುದು. ಅಸಲಿ ಪತ್ರಿಕೆಯ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಕದ್ದು ನಡೆಸುವ ನಕಲಿ ತಾಣಗಳೂ ಇವೆ. ಆ ಕಾಲಕ್ಕೇ ಪರಿಶೀಲಿಸಿ, ನೋಡಿದ ದಿನಾಂಕದೊಂದಿಗೆ ಬರೆದಿಟ್ಟ ಗ್ರಂಥಪಾಲಕರ ಒಂದು ಸಾಲು ಇಲ್ಲಿ ಸಾಕ್ಷ್ಯವಾಗುತ್ತದೆ.

ಇಂಡೆಕ್ಸ್ ಸೇವೆಯೇ ನಿಂತುಹೋಯಿತೆಂದು 510ರ ಟಿಪ್ಪಣಿ ಅಳಿಸುವವರೂ ಇದ್ದಾರೆ. ದಯವಿಟ್ಟು ಅಳಿಸಬೇಡಿ, ಇಸವಿ ಹಾಕಿ ಮುಗಿಸಿ. 1879ರಲ್ಲಿ ಜಾನ್ ಶಾ ಬಿಲ್ಲಿಂಗ್ಸ್ ಆರಂಭಿಸಿದ ವೈದ್ಯಕೀಯ ಲೇಖನಗಳ ಸೂಚಿ ‘ಇಂಡೆಕ್ಸ್ ಮೆಡಿಕಸ್’ 2004ರವರೆಗೆ ಮುದ್ರಣದಲ್ಲಿತ್ತು. ಹಳೆಯ ಸಂಪುಟಗಳಲ್ಲಿ ಹುಡುಕುವವರಿಗೆ ಆ ಹೆಸರು ಇವತ್ತಿಗೂ ದಾರಿ ತೋರಿಸುತ್ತದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ತನ್ನ ಕ್ಯಾಟಲಾಗಿನಲ್ಲಿ ಪತ್ರಿಕೆಯು ಯಾವ ಸಂಪುಟದ ಯಾವ ಸಂಚಿಕೆಯಿಂದ ತನ್ನ ದತ್ತಸಂಚಯವಾದ ಮೆಡ್‌ಲೈನ್‌ನಲ್ಲಿ ಸೇರಿದೆ ಎಂದು ತೋರಿಸುತ್ತದೆ. ನಮಗೆ ಆ ಮಟ್ಟದ ಸಿಬ್ಬಂದಿ ಇಲ್ಲ, ನಿಜ. ಖಾಲಿ ಹುದ್ದೆಗಳ ವಿಷಯದಲ್ಲಿ ಸರ್ಕಾರದೊಂದಿಗೆ ನಾವು ಜಗಳವಾಡಲೇಬೇಕು. ಅಲ್ಲಿಯವರೆಗೆ ಎಲ್ಲ ಪತ್ರಿಕೆಗಳ ಬೆನ್ನು ಹತ್ತದೆ, ನಮ್ಮ ಓದುಗರು ನಿಜಕ್ಕೂ ಕೇಳುವವನ್ನಷ್ಟೇ ವರ್ಷಕ್ಕೊಮ್ಮೆ ನೋಡಿದರೂ ಸಾಕು. ನೋಡಲಾಗದ್ದಕ್ಕೆ 0 ಹಾಕಿ. ಹಳಸಿದ ಮಾಹಿತಿಗಿಂತ ಅದು ಮೇಲು.

ಕನ್ನಡದ ಪತ್ರಿಕೆಗಳ ಮಾತು ಬಂದಾಗ ಸಂಕಟ ಹೆಚ್ಚಾಗುತ್ತದೆ. 1919ರಲ್ಲಿ ಹುಟ್ಟಿದ ‘ಪ್ರಬುದ್ಧ ಕರ್ನಾಟಕ’ದ ಹಳೆಯ ಸಂಚಿಕೆಯಲ್ಲಿರುವ ಶಾಸನದ ಲೇಖನವೊಂದನ್ನು ಸ್ಕೋಪಸ್ ಹುಡುಕಿಕೊಡುವುದಿಲ್ಲ. ಇಂತಹ ಪತ್ರಿಕೆಗಳಿಗೆ ಬೇಕಾದದ್ದು 555ನೇ ಫೀಲ್ಡ್, ಅಂದರೆ ಪತ್ರಿಕೆಯದೇ ಒಟ್ಟು ಸೂಚಿಯ ದಾಖಲೆ. ಸೂಚಿ ಅಚ್ಚಾಗಿದ್ದರೆ ಅದು ಯಾವ ಸಂಪುಟಗಳಿಗೆ ಸಂಬಂಧಿಸಿದ್ದು ಎಂದು ಬರೆಯೋಣ. ಇಲ್ಲದ ಕಡೆ ಸೂಚಿಯನ್ನೇ ತಯಾರಿಸೋಣ.

ಕೆಲಸ ಹಂಚಿಕೊಳ್ಳುವ ಬಗೆಯನ್ನು ಈ ಸಭೆಯ ಮುಂದಿಡುತ್ತೇನೆ. ‘ಪ್ರಬುದ್ಧ ಕರ್ನಾಟಕ’ವನ್ನು ಮೈಸೂರಿನವರು ವಹಿಸಿಕೊಳ್ಳಲಿ, ‘ಕರ್ನಾಟಕ ಭಾರತಿ’ಯನ್ನು ಧಾರವಾಡದವರು, ‘ಸಾಧನೆ’ಯನ್ನು ಬೆಂಗಳೂರು ವಿಶ್ವವಿದ್ಯಾಲಯದವರು. ಲೇಖಕ, ಶೀರ್ಷಿಕೆ, ಸಂಪುಟ, ಪುಟ ಇಷ್ಟನ್ನು ಮೊದಲು ಸೇರಿಸೋಣ, ವಿಷಯ ಶೀರ್ಷಿಕೆಗಳು ಆಮೇಲೆ ಬರಲಿ. ಒಬ್ಬರು ಮಾಡಿದ ರೆಕಾರ್ಡನ್ನು ಉಳಿದವರು ಹಾಗೆಯೇ ಇಳಿಸಿಕೊಳ್ಳುವಂತಿರಲಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಇದನ್ನು ನಿರ್ಣಯವಾಗಿ ಮಂಡಿಸಲು ಅನುಮತಿ ಕೋರುತ್ತೇನೆ.