ಪರದೇಶಿ

ನಮ್ಮ ಜಮಖಂಡಿ, ಮುಧೋಳದ ಕಡೆಯ ಆಡುಮಾತಿನಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಹೊರನಾಡಿನವನೆಂಬ ಅರ್ಥಕ್ಕಿಂತ ದಿಕ್ಕಿಲ್ಲದವನೆಂಬ ಅರ್ಥವೇ ಹೆಚ್ಚು ಬಳಕೆಯಲ್ಲಿದೆ. ತಂದೆತಾಯಿಗಳನ್ನು ಕಳೆದುಕೊಂಡ ಮಗು ಹುಟ್ಟಿದೂರಿನಲ್ಲೇ ಇದ್ದರೂ ಪರದೇಶಿಯೇ. ಊರು ಬಿಟ್ಟವನನ್ನು ಕೇಳುವವರಿಲ್ಲ ಎಂಬ ಹಳೆಯ ಅನುಭವ ಈ ಶಬ್ದದಲ್ಲಿ ಹೆಪ್ಪುಗಟ್ಟಿದೆ. ಹೊರದೇಶದಲ್ಲಿರುವ ನಮ್ಮವರನ್ನು ಕೇಳುವವರು ಯಾರು ಎಂಬುದೇ ಇಂದಿನ ಮಾತಿನ ವಿಷಯ.

ರಾಯಭಾರ ನಮಗೆ ಹೊಸತಲ್ಲ. ಮುಧೋಳದ ರನ್ನನು ‘ಗದಾಯುದ್ಧ’ದಲ್ಲಿ ವರ್ಣಿಸಿದ ಕಾಳಗಕ್ಕೆ ಮುನ್ನ ಕೃಷ್ಣನ ಸಂಧಾನ ಮುರಿದುಬಿದ್ದ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಅದು ಅರಸುಮನೆತನಗಳ ನಡುವಣ ಮಾತು. ಪರನಾಡಿನಲ್ಲಿ ಸಿಕ್ಕಿಬಿದ್ದ ಸಾಮಾನ್ಯನೊಬ್ಬನ ಯೋಗಕ್ಷೇಮ ಬೇರೆಯೇ ಕೆಲಸ. ಅದನ್ನು ಒಂದು ಕಾಲದಲ್ಲಿ ವರ್ತಕರು ತಾವೇ ನಡೆಸಿಕೊಂಡರು. ನಮ್ಮ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ಸಂಘ ಕಡಲಾಚೆಗೂ ಹಬ್ಬಿತ್ತು. ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ದೊರೆತ ೧೦೮೮ರ ತಮಿಳು ಶಾಸನವು ಐನೂರ್ವರನ್ನು ಹೆಸರಿಸುತ್ತದೆ.

ಸಂಸ್ಥಾನಗಳ ಕಾಲಕ್ಕೆ ಬರೋಣ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ಬನಹಟ್ಟಿ ಜಮಖಂಡಿಗೆ, ಅದರ ಮಗ್ಗುಲಿನ ರಬಕವಿ ಸಾಂಗಲಿಗೆ. ಬೀಳಗಿ ನೇರವಾಗಿ ಬ್ರಿಟಿಷರಿಗೆ. ಅರಮನೆಗಳಿಗೆ ಸಿಂಹಾಸನವಿತ್ತು, ಪರದೇಶಕ್ಕೆ ರಾಯಭಾರಿಯನ್ನು ಕಳುಹಿಸುವ ಅಧಿಕಾರವಿರಲಿಲ್ಲ. ೧೯೪೮ರಲ್ಲಿ ಸಂಸ್ಥಾನಗಳು ವಿಲೀನಗೊಂಡ ಮೇಲೆಯೇ ಈ ಊರುಗಳವರೆಲ್ಲ ಒಂದೇ ದೇಶದ ಪ್ರಜೆಗಳಾದರು.

ಪ್ರಜೆಯಾದರೆ ಸಾಲದು, ಆ ಹಕ್ಕಿನ ಅರಿವೂ ಬೇಕು. ಇದನ್ನು ನನಗೆ ಕಲಿಸಿದವರು ಬನಹಟ್ಟಿಯ ನೇಕಾರ ಮನೆತನದ ಒಬ್ಬ ತಾಯಿ. ಹಲವು ವರ್ಷಗಳ ಹಿಂದೆ ಅವರು ಮಗನ ಕಾಗದ ಹಿಡಿದು ನಮ್ಮ ಮನೆಗೆ ಬಂದರು. ನನ್ನ ಹಳೆಯ ವಿದ್ಯಾರ್ಥಿಯಾದ ಆತ ಕೊಲ್ಲಿಯ ದೇಶವೊಂದರಲ್ಲಿ ದುಡಿಯುತ್ತಿದ್ದ. ನಾಲ್ಕು ತಿಂಗಳಿಂದ ಪಗಾರವಿಲ್ಲ. ಪಾಸ್‌ಪೋರ್ಟನ್ನು ಮಾಲಕ ಇಟ್ಟುಕೊಂಡಿದ್ದ. “ಸರ್, ನನ್ನ ಮಗ ಪರದೇಶಿ ಆಗ್ಯಾನ್ರಿ. ಯಾರಿಗೆ ಬರೀಬೇಕು, ನೀವ ಹೇಳ್ರಿ” ಎಂದರು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಉತ್ತರ ತಿಳಿದಿರಲಿಲ್ಲ.

ವಕೀಲ ಮಿತ್ರರೊಬ್ಬರು ದಾರಿ ತೋರಿಸಿದರು. ೧೯೬೭ರ ಕಾಯಿದೆಯಂತೆ ಪಾಸ್‌ಪೋರ್ಟು ಭಾರತ ಸರಕಾರದ ಸ್ವತ್ತು. ಹೊತ್ತವನದೇ ಅಲ್ಲದ ಅದು ಮಾಲಕನದು ಹೇಗಾದೀತು? ರಾಯಭಾರ ಕಚೇರಿಗೆ ಬರೆಯಲು ಪಾಸ್‌ಪೋರ್ಟಿನ ಸಂಖ್ಯೆ ಬೇಕಾಯಿತು. ಅದರ ನಕಲು ಪ್ರತಿ ಮಗ್ಗದ ಲೆಕ್ಕದ ವಹಿಯೊಳಗೆ ಸಿಕ್ಕಿತು. ಸಿಗದಿದ್ದರೆ? ಆ ಭಯ ಈಗಲೂ ಮನಸ್ಸಿನಲ್ಲಿದೆ. ಕೊನೆಗೆ ಹುಡುಗ ರಾಯಭಾರ ಕಚೇರಿ ಕೊಟ್ಟ ತುರ್ತು ಪ್ರಮಾಣಪತ್ರದ ಮೇಲೆ ಊರಿಗೆ ಬಂದ. ಪಗಾರದ ಬಾಕಿ ಮಾತ್ರ ಪೂರ್ತಿ ಬರಲಿಲ್ಲ.

ಆ ಕಚೇರಿಗೂ ಮಿತಿಯುಂಟು. ೧೯೬೩ರ ವಿಯೆನ್ನಾ ಒಪ್ಪಂದದ ಪ್ರಕಾರ ಸೆರೆಯಾದವನು ಕೇಳಿಕೊಂಡರೆ ಅವನ ದೇಶದ ಕಾನ್ಸುಲರಿಗೆ ತಡವಿಲ್ಲದೆ ಸುದ್ದಿ ಮುಟ್ಟಿಸಬೇಕು. ಅವರು ಬಂದು ನೋಡಬಹುದು, ವಕೀಲರ ಏರ್ಪಾಡು ಮಾಡಬಹುದು. ಆ ದೇಶದ ಕಾನೂನನ್ನು ಮೀರುವಂತಿಲ್ಲ. ಮೃತ್ಯುವಿನ ಮುಂದೆಯಂತೂ ಯಾವ ಕಚೇರಿಯೂ ನಿಸ್ಸಹಾಯಕ. ೨೦೨೨ರ ಮಾರ್ಚ್ ೧ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಯುದ್ಧಕ್ಕೆ ಬಲಿಯಾದ. ಪಾರ್ಥಿವ ಶರೀರ ಬೆಂಗಳೂರು ತಲುಪಿದ್ದು ೨೧ರಂದು. ಹೆತ್ತವರಿಗೆ ಆ ಇಪ್ಪತ್ತು ದಿನ ಎಷ್ಟು ಯುಗಗಳಾಗಿದ್ದವೋ! ಮರುವರ್ಷ ಸುಡಾನಿನಲ್ಲಿ ಸಿಲುಕಿದ ನಮ್ಮ ಹಕ್ಕಿಪಿಕ್ಕಿ ಜನ ‘ಕಾವೇರಿ’ ಎಂಬ ಹೆಸರಿನ ಕಾರ್ಯಾಚರಣೆಯಲ್ಲಿ ಮರಳಿದರು.

ಈಗ ಕಷ್ಟದಲ್ಲಿರುವವರಿಗಾಗಿ ೨೦೦೯ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ದೂರು ಸಲ್ಲಿಸಲು ೨೦೧೫ರಿಂದ ‘ಮದದ್’ ವ್ಯವಸ್ಥೆ ಇದೆ. ಆದರೂ ಮೊದಲ ಹೆಜ್ಜೆ ಮನೆಯಲ್ಲೇ ಆಗಬೇಕು. ಹೊರಡುವ ಮಗನಿಗೆ ಬುತ್ತಿ ಕಟ್ಟುವಾಗ ಅವನ ಪಾಸ್‌ಪೋರ್ಟಿನ ಪ್ರತಿ, ಕರಾರುಪತ್ರದ ಪ್ರತಿ, ಮಾಲಕನ ವಿಳಾಸ, ಅಲ್ಲಿನ ನಮ್ಮ ರಾಯಭಾರ ಕಚೇರಿಯ ವಿಳಾಸ, ಇಷ್ಟನ್ನು ಮನೆಯ ಟ್ರಂಕಿನಲ್ಲಿ ತೆಗೆದಿಡಿರಿ. ಯಾರಿಗೆ ಬರೆಯಬೇಕೆಂದು ತಾಯಿಗೆ ತಿಳಿದಿದ್ದರೆ, ಮಗ ಎಷ್ಟು ದೂರದಲ್ಲಿದ್ದರೂ ಪರದೇಶಿಯಾಗಲಾರ.