ಪ್ಯಾಕಿಂಗ್ ಸಣ್ಣದಾದರೆ ಸಾಲದು

ಕೈಗಾ ಅಣು ವಿದ್ಯುತ್ ಸ್ಥಾವರದ ಭಾರಜಲಕ್ಕೆ ಸಾದಾ ನೀರು ಬೆರೆತರೆ ಅದರ ಗತಿಯೇನು ಎಂದು ಕಾರವಾರ, ಅಂಕೋಲೆಯವರು ಮತ್ತೆ ಮತ್ತೆ ಕೇಳುತ್ತಾರೆ. ಕಾಳಿ ನದಿಗೆ ಸುರಿದುಬಿಡುತ್ತಾರೇನೋ ಎಂಬ ಗುಮಾನಿ ಬೇರೆ. ಅಷ್ಟು ದುಬಾರಿ ಸರಕನ್ನು ಯಾರು ಸುರಿಯುತ್ತಾರೆ? ರಿಯಾಕ್ಟರಿಗೆ ಶೇ. 99.75ರಷ್ಟಾದರೂ ಶುದ್ಧ ಭಾರಜಲ ಬೇಕು. ಗಾಳಿಯ ತೇವ ಸೇರಿ ತೆಳುವಾದದ್ದನ್ನು ನಿರ್ವಾತದಲ್ಲಿ ಬಟ್ಟಿ ಇಳಿಸಿ ಮತ್ತೆ ಆ ಮಟ್ಟಕ್ಕೆ ತರುತ್ತಾರೆ.

ಡಿಪ್ಲೊಮಾ ಓದಿದ ಹುಡುಗರ ಪ್ರಶ್ನೆ ಇಲ್ಲಿಂದ ಶುರು: ಅದಕ್ಕೆ ಅಷ್ಟೆತ್ತರದ ಕಾಲಮ್ ಯಾಕೆ, ಆವಿ, ದ್ರವ ತಾಗಲೆಂದು ಒಳಗೆ ಹಾಕುವ ತುಂಡು, ಅಂದರೆ ಪ್ಯಾಕಿಂಗ್, ಸಣ್ಣದು ತುಂಬಿದರೆ ಗಿಡ್ಡದರಲ್ಲೇ ಆಗದೇ? ಮಾತು ಅರ್ಧ ನಿಜ. 50 ಮಿ.ಮೀ. ಪಾಲ್ ರಿಂಗ್ ಎಂಬ ಉಂಗುರದಾಕಾರದ ತುಂಡು ಒಂದು ಹಂತದ ಬೇರ್ಪಡಿಕೆಗೆ ಸುಮಾರು ಮುಕ್ಕಾಲು ಮೀಟರ್ ಎತ್ತರ ಕೇಳಿದರೆ, 25 ಮಿ.ಮೀ.ಯದಕ್ಕೆ ಅರ್ಧ ಮೀಟರ್ ಕೂಡ ಬೇಡ. ಹಲವರು ಇಷ್ಟು ಓದಿ ಪುಸ್ತಕ ಮುಚ್ಚುತ್ತಾರೆ. ನನಗೆ ಸಿಟ್ಟು ಬರುವುದೂ ಅಲ್ಲೇ.

ತುಂಡು ಸಣ್ಣದಾದರೆ ಸಂದೂ ಸಣ್ಣದು. ಏರುವ ಆವಿ ಹೆಚ್ಚು ಒತ್ತಿ ನುಗ್ಗಬೇಕು, ಇಳಿಯುವ ದ್ರವವನ್ನು ಅದೇ ತಡೆದು ಹಿಡಿಯುತ್ತದೆ. ಮಿತಿ ಮೀರಿತೋ, ಮಳೆಗಾಲದ ಮೋರಿಯ ಹಾಗೆ ಕಾಲಮ್ ಕಟ್ಟಿಕೊಳ್ಳುತ್ತದೆ. ನಾನಿದ್ದ ಒಂದು ಕಾರ್ಖಾನೆಯಲ್ಲಿ ದೊಡ್ಡ ರಿಂಗು ತೆಗೆಸಿ ಸಣ್ಣದು ತುಂಬಿಸಿದರು. ಶುದ್ಧತೆ ಏರಿತು, ಉತ್ಪಾದನೆ ಕುಸಿಯಿತು. ಬೈಗುಳ ತಿಂದದ್ದು ಮಾತ್ರ ಬಾಯ್ಲರಿನವನು!

ಭಾರಜಲದಲ್ಲಿ ಇದು ಇನ್ನೂ ನಾಜೂಕು. 50 ಡಿಗ್ರಿಯಲ್ಲಿ ಒಂದು ಹಂತಕ್ಕೆ ಸಿಗುವ ಬೇರ್ಪಡಿಕೆ ಸುಮಾರು ಶೇ. 5, 100 ಡಿಗ್ರಿಯಲ್ಲಿ ಅದರ ಅರ್ಧದಷ್ಟೇ. ಕಡಿಮೆ ಬಿಸಿಗೇ ಕುದಿಸುವ ನಿರ್ವಾತ ಬೇಕಾದದ್ದೇ ಇದಕ್ಕೆ. ಮೇಲೆ ಪಂಪು ಎಷ್ಟೇ ಎಳೆಯಲಿ, ನಡುವೆ ಪ್ಯಾಕಿಂಗ್ ತಿಂದ ಒತ್ತಡವೆಲ್ಲ ತಳಕ್ಕೆ ಸೇರುತ್ತದೆ. ತಳ ಬಿಸಿಯಾಗುತ್ತದೆ, ಬೇರ್ಪಡಿಕೆ ಕುಗ್ಗುತ್ತದೆ, ಹಂತ ಹೆಚ್ಚು ಬೇಕಾಗುತ್ತದೆ. ಇನ್ನೊಮ್ಮೆ ಹೇಳುತ್ತೇನೆ: ಎತ್ತರ ಉಳಿಸಲು ಹಾಕಿದ ಸಣ್ಣ ತುಂಡೇ ಎತ್ತರ ಕೇಳುತ್ತದೆ. ಇಂಥ ಕಡೆ ಫಾಸ್ಫರ್ ಬ್ರಾಂಜ್ ತಂತಿಯ ಜಾಲರಿಯನ್ನು ಮಡಿಕೆ ಮಡಿಕೆಯಾಗಿ ಜೋಡಿಸುವುದು ಅದಕ್ಕೇ. ಮೈ ಹೆಚ್ಚು, ಆವಿಗೆ ದಾರಿಯೂ ಸಲೀಸು.

ಹಾಗಂತ ದೊಡ್ಡದನ್ನೇ ತುರುಕಬೇಡಿ. ಕಾಲಮಿನ ವ್ಯಾಸ ತುಂಡಿನ ಹತ್ತು ಪಟ್ಟಾದರೂ ಇರಲಿ, ಇಲ್ಲದಿದ್ದರೆ ದ್ರವ ಗೋಡೆ ಹಿಡಿದು ಜಾರಿಹೋಗುತ್ತದೆ. ಮಧ್ಯೆ ಮಧ್ಯೆ ಅದನ್ನು ಮತ್ತೆ ಹರಡುವ ತಟ್ಟೆಯ ವಿಚಾರಕ್ಕೆ ಇವತ್ತು ಹೊತ್ತಿಲ್ಲ. ಪ್ಯಾಕಿಂಗ್ ಬದಲಿಸಲು ಹೊರಟವರು ಮೊದಲು ಕಾಲಮಿನ ಮೇಲೂ ಕೆಳಗೂ ಒತ್ತಡಮಾಪಕ ಇದೆಯೇ ನೋಡಿ. ಇಲ್ಲವಾದರೆ ರಿಂಗಿನ ಆರ್ಡರ್ ತಡೆದು, ಮೊದಲು ಮಾಪಕ ಹಾಕಿಸಿ.