ಕಣ್ಣಿಗೆ ದುಡ್ಡು ಯಾರು ಕೊಡ್ತಾರೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕವಿತೆ ಓದ್ರಿ ಅಂತ ನಮ್ಮನ್ನು ಕರೆದಿದ್ದೀರಿ. ಕವಿತೆ ಆಮೇಲೆ ಓದೋಣ. ಮೊದಲು ಕನ್ನಡಕದ ವಿಷಯ ಮಾತಾಡ್ತೀವಿ. ನಗಬೇಡಿ. ಕವಿತೆ ಓದೋಕೂ ಕಣ್ಣು ಬೇಕು.

ನಾವು ಹಾಸ್ಟೆಲಿನಲ್ಲಿದ್ದಾಗ ನಮ್ಮ ಕೋಣೆಯಲ್ಲಿ ಒಬ್ಬ ಗೆಳೆಯ ಇದ್ದ. ಊರ ಶಾಲೆಯಲ್ಲಿ ಹಿಂದಿನ ಬೆಂಚು ಅವನ ಪಾಲಿಗೆ ಬಂದಿತ್ತು. ಅದು ಅವನು ಆರಿಸಿಕೊಂಡ ಜಾಗ ಅಲ್ಲ. ಯಾಕೆ ಬಂತು ಅಂತ ಇಲ್ಲಿ ಕೂತಿರೋ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿಂದ ಬೋರ್ಡು ಕಾಣ್ತಿರಲಿಲ್ಲ. ಕಾಣಲ್ಲ ಅಂತ ಹೇಳೋಕೆ ಅವನಿಗೆ ಬಾಯಿ ಬರಲಿಲ್ಲ. ಮೇಷ್ಟ್ರು ದಡ್ಡ ಅಂದರು. ಅವನೂ ಹಾಗೇ ನಂಬಿಕೊಂಡ. ಪಿಯುಸಿಯಲ್ಲಿ ಫೇಲಾದ ಮೇಲೆ ಒಂದು ದಿನ ತಮಾಷೆಗೆ ನಮ್ಮಲ್ಲೊಬ್ಬನ ಕನ್ನಡಕ ಹಾಕಿಕೊಂಡು ಕಿಟಕಿಯಾಚೆ ನೋಡಿದ. "ಲೇ, ಮರದಲ್ಲಿ ಎಲೆ ಬೇರೆ ಬೇರೆ ಕಾಣ್ತವಲ್ಲೋ" ಅಂದ. ಅಲ್ಲೀವರೆಗೆ ಮರ ಅಂದ್ರೆ ಅವನಿಗೆ ಒಂದು ಹಸಿರು ಮುದ್ದೆ.

ಅದೇ ವಾರ ನಾಲ್ಕು ಜನ ಸೇರಿ ಪೇಟೆಯ ಅಂಗಡಿಗೆ ಹೋದೆವು. ಹೊರಗೆ 'ಕಣ್ಣಿನ ಪರೀಕ್ಷೆ ಉಚಿತ' ಅಂತ ಬೋರ್ಡು. ಮೆಷಿನ್ನಿಗೆ ಗಲ್ಲ ಇಡಿಸಿದರು, ಎರಡು ನಿಮಿಷದಲ್ಲಿ ನಂಬರು ಬಂತು. ಆಮೇಲೆ ಫ್ರೇಮು ತೋರಿಸಿದರು, ಗಾಜಿಗೆ ಆ ಲೇಪ ಈ ಲೇಪ ಅಂದರು. ಕೊನೆಗೆ ಚೀಟಿ ಬಂದದ್ದು 3,800 ರೂಪಾಯಿಗೆ. ನಮ್ಮ ನಾಲ್ಕು ಜೇಬಲ್ಲಿ ಸೇರಿ ಇದ್ದದ್ದು 500. ನಂಬರಾದರೂ ಬರೆದುಕೊಡಿ ಅಂದ್ರೆ ಇಲ್ಲಿ ಕೊಂಡ್ರೆ ಮಾತ್ರ ಅಂದರು. ಕಂತಿನಲ್ಲಿ ಕಟ್ಟಿ ಅಂದರು. ಗೆಳೆಯ ಹೊರಗೆ ಬಂದು, "ಬಿಡ್ರೋ, ಇಷ್ಟು ದಿನ ಕಾಣದೇ ಬದುಕಿಲ್ವಾ" ಅಂದ. ಆ ಮಾತು ನಮ್ಮನ್ನು ಈಗಲೂ ಬಿಟ್ಟಿಲ್ಲ.

ಆಮೇಲೆ ನಾವು ಕಲಿತದ್ದನ್ನು ನಿಮ್ಮ ಮುಂದೆ ಇಡ್ತೀವಿ.

ಪರೀಕ್ಷೆ ಬೇರೆ, ಕನ್ನಡಕ ಬೇರೆ. ಎರಡನ್ನೂ ಒಂದೇ ಕಡೆ ಕೊಳ್ಳಬೇಕಿಲ್ಲ. ಮೆಷಿನ್ ಕೊಡೋದು ಅಂದಾಜು ಮಾತ್ರ. ಒಂದೊಂದೇ ಗಾಜು ಹಾಕಿ ಅಕ್ಷರ ಓದಿಸಿದ ಮೇಲೇ ನಂಬರು ಖಚಿತ ಆಗೋದು. ಜಿಲ್ಲಾ ಆಸ್ಪತ್ರೆಯಲ್ಲಿ, ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ. ಬೆಂಗಳೂರಲ್ಲಿ ಮಿಂಟೋ ಇದೆ. ಚೀಟಿಯ ಖರ್ಚು ಅಲ್ಪ. ಕ್ಯೂ ಉದ್ದ, ಒಂದು ದಿನ ಹೋಗ್ತದೆ ಅನ್ನೋದು ನಿಜ. ಆದರೂ ನಂಬರು ಬರೆದ ಕಾಗದ ಕೈಗೆ ಬರ್ತದೆ. ಆ ಕಾಗದ ಹಿಡಿದು ಮೂರು ಅಂಗಡಿಯಲ್ಲಿ ಬೆಲೆ ಕೇಳಬಹುದು. ಕಾಗದ ಇದ್ದವನು ಗಿರಾಕಿ, ಇಲ್ಲದವನು ಬೇಟೆ.

ಸರ್ಕಾರ ಕೊಡಲ್ವಾ ಅಂತೀರಿ. ಕೊಡ್ತದೆ, ಎಲ್ಲಿವರೆಗೆ ಅಂತ ತಿಳಿದಿರಬೇಕು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ. ಅದರಲ್ಲಿ ಶಾಲೆ ಮಕ್ಕಳ ಕಣ್ಣು ನೋಡಿ ಕನ್ನಡಕ ಕೊಡೋದೂ ಸೇರಿದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗೆ ನೋಡ್ತದೆ. ತಂಡ ಬಂದ ದಿನ ಅವ್ವನ ಜೊತೆ ಕೂಲಿಗೆ ಹೋದ ಹುಡುಗ ಶಾಲೆ ತಪ್ಪಿಸ್ತಾನೆ, ಪಟ್ಟಿಯಿಂದಲೂ ತಪ್ಪಿಹೋಗ್ತಾನೆ. 18 ದಾಟಿದ ಡಿಗ್ರಿ ಹುಡುಗ ಹುಡುಗಿಯರನ್ನು ಹುಡುಕಿಕೊಂಡು ಆ ತಂಡ ಬರಲ್ಲ. ನಾವೇ ಹೋಗಬೇಕು.

ಆಯುಷ್ಮಾನ್ ಕಾರ್ಡ್ ಇದೆಯಲ್ಲ ಅಂತೀರಿ. 2018ರಿಂದ ಬಂದ ಆ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆದರೆ ಅದು ದೊಡ್ಡ ಚಿಕಿತ್ಸೆಗೆ, ಆಪರೇಷನ್ನಿಗೆ. ದಿನನಿತ್ಯದ ಕನ್ನಡಕಕ್ಕಲ್ಲ. ಖಾಸಗಿ ವಿಮೆಯದ್ದೂ ಇದೇ ಕಥೆ. ಸಾಮಾನ್ಯ ಪಾಲಿಸಿ ಆಸ್ಪತ್ರೆಗೆ ಸೇರಿದರೆ ಕೊಡ್ತದೆ, ಹೊರರೋಗಿ ಪರೀಕ್ಷೆಗೆ, ಕನ್ನಡಕಕ್ಕೆ ಬಹುಮಟ್ಟಿಗೆ ಕೊಡಲ್ಲ. ಲೇಸರ್ ಮಾಡಿಸಿ ಕನ್ನಡಕ ಬಿಡೋಣ ಅಂದರೂ ನಂಬರು 7.5 ಡಯಾಪ್ಟರಿಗಿಂತ ಕಮ್ಮಿ ಇದ್ದರೆ ವಿಮೆ ಕೊಡಲ್ಲ ಅಂತ ಷರತ್ತು ಬರೆದಿರ್ತದೆ. ಸಹಿ ಹಾಕೋ ಮುಂಚೆ ಓದಿ.

ಇನ್ನು ಅಂಗಡಿಯ ಸದಸ್ಯತ್ವ ಕಾರ್ಡು. ಒಂದು ಲೆಕ್ಕ ಮಾಡೋಣ. ವರ್ಷಕ್ಕೆ 1,500 ರೂಪಾಯಿ ಕಟ್ಟಿದರೆ ಶೇ. 20 ರಿಯಾಯಿತಿ ಅಂತ ಇಟ್ಟುಕೊಳ್ಳಿ. 2,000ದ ಕನ್ನಡಕ ಕೊಂಡ್ರೆ ಉಳಿದದ್ದು 400. ಕೊಟ್ಟದ್ದು 1,500. ಕಟ್ಟಿದ ದುಡ್ಡು ವಾಪಸ್ ಬರಬೇಕಾದ್ರೆ 7,500 ರೂಪಾಯಿ ಮಾಲು ಕೊಳ್ಳಬೇಕು! ಕಂತಿನದ್ದೂ ಹಾಗೇ. ಬಡ್ಡಿ ಇಲ್ಲ ಅಂದ ಕಡೆ ಪ್ರೊಸೆಸಿಂಗ್ ಫೀ ಎಷ್ಟು, ಒಂದು ಕಂತು ತಪ್ಪಿದರೆ ದಂಡ ಎಷ್ಟು ಕೇಳಿ. ಬಿಲ್ಲನ್ನೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ನಂಬರಿನ ಕನ್ನಡಕದ ಮೇಲಿನ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆ.

ಹಾಗಾದ್ರೆ ಏನ್ ಮಾಡೋದು? ಮಧುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿ ಅನ್ನೋ ವೈದ್ಯರು 1976ರಲ್ಲಿ 11 ಹಾಸಿಗೆಯಿಂದ ಅರವಿಂದ ಕಣ್ಣಾಸ್ಪತ್ರೆ ಶುರು ಮಾಡಿದರು. ಕೊಡಬಲ್ಲವರು ಕೊಟ್ಟ ದುಡ್ಡಿನಲ್ಲಿ ಕೊಡಲಾರದವರ ಕಣ್ಣು ತೆರೀತು. ಆಸ್ಪತ್ರೆ ಬೆಳೀತು, ಮುಳುಗಲಿಲ್ಲ. ನಾವು ಆಸ್ಪತ್ರೆ ಕಟ್ಟಬೇಕಿಲ್ಲ. ಒಂದು ಹುಂಡಿ ಇಡೋಣ. 60 ಜನ ತಿಂಗಳಿಗೆ 10 ರೂಪಾಯಿ ಹಾಕಿದರೆ ವರ್ಷಕ್ಕೆ 7,200. ಸಾದಾ ಫ್ರೇಮು, ಸಾದಾ ಗಾಜಿನ ಜೋಡಿ 600 ಅಂತ ಹಿಡಿದರೆ 12 ಜನಕ್ಕೆ ಕನ್ನಡಕ. ಅಷ್ಟು ಜನಕ್ಕೆ ಬೇಡವಾದರೆ ಉಳಿದದ್ದು ಮುಂದಿನ ವರ್ಷಕ್ಕೆ. ಲೆಕ್ಕ ಗೋಡೆಗೆ ಅಂಟಿಸಬೇಕು. ತಗೊಂಡವರ ಹೆಸರು ಅಂಟಿಸಬಾರದು. ಇದು ಭಿಕ್ಷೆ ಅಲ್ಲ. ಇವತ್ತು ಅವನಿಗೆ, ನಾಳೆ ನಮಗೆ. ಹುಂಡಿ ಇಟ್ಟೆವು ಅಂತ ಸರ್ಕಾರವನ್ನು ಕೇಳೋದನ್ನು ಬಿಡಬಾರದು. ಪ್ರತಿ ಹಾಸ್ಟೆಲಿಗೆ ವರ್ಷಕ್ಕೊಮ್ಮೆ ಕಣ್ಣಿನ ತಂಡ ಬರಲಿ ಅಂತ ವಾರ್ಡನ್ ಮೂಲಕ ಅರ್ಜಿ ಕೊಡಿ, ಸ್ವೀಕೃತಿ ಸಹಿ ಇಸ್ಕೊಳ್ಳಿ.

ದುಡ್ಡಿಗೆ ಕಾಯಬಾರದ ಹೊತ್ತೂ ಇದೆ. ಕಣ್ಣೊಳಗೆ ಮಿಂಚು ಮಿಂಚಿದ ಹಾಗಾದರೆ, ಇದ್ದಕ್ಕಿದ್ದ ಹಾಗೆ ಕಪ್ಪು ಚುಕ್ಕಿ ಸುರಿದರೆ, ಒಂದು ಕಡೆಯಿಂದ ಪರದೆ ಇಳಿದ ಹಾಗೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮೈನಸ್ ನಂಬರು ಜಾಸ್ತಿ ಇದ್ದವರಿಗೆ ಈ ಅಪಾಯ ಹೆಚ್ಚು.

ಊರಿಗೆ ಹೋದಾಗ ಅಪ್ಪ ಅವ್ವನ ಕಣ್ಣೂ ಕೇಳಿ. ಸೂಜಿಗೆ ದಾರ ಪೋಣಿಸೋಕೆ ಆಗದಿದ್ರೆ ವಯಸ್ಸಾಯ್ತು ಅಂತ ಸುಮ್ಮನಾಗ್ತಾರೆ. ಅದು ಬರೀ ಓದೋ ಕನ್ನಡಕದಿಂದ ಹೋಗೋ ಕಷ್ಟ ಇರಬಹುದು. ಪೊರೆಯಾದರೆ ಆಪರೇಷನ್ ಇದೆ. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಕಣ್ಣಿನ ಒಳಪದರ ತೋರಿಸಲೇಬೇಕು. ಗ್ಲಾಕೋಮಾ ನೋವಿಲ್ಲದೆ ಬರೋದೇ ಹೆಚ್ಚು, ಅದರಿಂದ ಹೋದ ನೋಟ ವಾಪಸ್ ಬರಲ್ಲ. ಆಸ್ಪತ್ರೆಗೆ ಹೋದ್ರೆ ಒಂದು ದಿನದ ಕೂಲಿ ಹೋಗ್ತದೆ ಅಂತ ಅವ್ವ ಹೇಳ್ತಾಳೆ. ಚೀಟಿಗಿಂತ ಆ ಕೂಲಿಯೇ ದೊಡ್ಡ ಖರ್ಚು. ಅದನ್ನೂ ಹುಂಡಿಯ ಲೆಕ್ಕಕ್ಕೆ ಸೇರಿಸೋಣ.

ನಮ್ಮ ಗೆಳೆಯನ ಕಥೆ ಮುಗಿಸ್ತೀವಿ. ಜಿಲ್ಲಾ ಆಸ್ಪತ್ರೆಯಲ್ಲಿ ನಂಬರು ಬರೆಸಿಕೊಂಡು ಬಂದ. ಕೋಣೆಯವರೆಲ್ಲ ಕೂಡಿಸಿದ 700 ರೂಪಾಯಿಯಲ್ಲಿ ಕನ್ನಡಕ ಆಯ್ತು. ಮುಂದಿನ ಸಲ ಪಾಸಾದ. ಕನ್ನಡಕ ಅವನನ್ನು ಪಾಸು ಮಾಡಲಿಲ್ಲ, ಓದಿ ಪಾಸಾದ. ಆದರೆ ಹಿಂದಿನ ಬೆಂಚಿನಲ್ಲಿ ದಡ್ಡ ಅನ್ನಿಸಿಕೊಂಡ ಹತ್ತು ವರ್ಷವನ್ನು ಅವನಿಗೆ ಯಾರೂ ತಿರುಗಿ ಕೊಡಲಿಲ್ಲ.

ಆ ಗೋಡೆ ಮೇಲೆ ಅಕ್ಷರದ ಪಟ್ಟಿ ಅಂಟಿಸಿದ್ದೀವಿ. 20 ಅಡಿ ದೂರಕ್ಕೆ ಗೆರೆ ಎಳೆದಿದ್ದೀವಿ. ಊಟಕ್ಕೆ ಹೋಗೋ ಮುಂಚೆ ಒಬ್ಬೊಬ್ಬರೇ ನಿಂತು, ಒಂದೊಂದು ಕಣ್ಣು ಮುಚ್ಚಿ ಓದಿ. ಕೆಳಗಿನ ಸಾಲು ಕಾಣದವರು ಹೆಸರು ಬರೆಸಿ. ಸೋಮವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಆಸ್ಪತ್ರೆಗೆ ಹೋಗೋಣ.